ನಾಲ್ಕು ಗಂಟೆಯ ಪಿಶಾಚಿ

ಅಮೆರಿಕದಲ್ಲಿ ಈಗ ಅರವತ್ತು ದಾಟಿದ ಯಾರಾದರೂ ಸಿಕ್ಕರೆ ‘ಡಾರ್ಕ್ ಶ್ಯಾಡೋಸ್’ ಅನ್ನುವ ಟಿವಿ ಧಾರಾವಾಹಿ ನೆನಪಿದೆಯಾ ಅಂತ ಕೇಳಿ ನೋಡಿ. ನೆನಪಿದ್ದವರು ಕಥೆಯಿಂದ ಶುರು ಮಾಡುವುದಿಲ್ಲ. ‘ಶಾಲೆ ಬಿಟ್ಟ ತಕ್ಷಣ ಮನೆಗೆ ಓಡಿಬರುತ್ತಿದ್ದೆವು’ ಅನ್ನುತ್ತಾರೆ. ಅಭಿಮಾನಿಗಳು ಸೇರಿದ ಕಡೆಯೆಲ್ಲಾ ಈ ಮಾತು ಬಂದೇ ಬರುತ್ತದೆ. ಒಬ್ಬರು ಶುರು ಮಾಡಿದರೆ ಸಾಕು, ಪಕ್ಕದವರು ‘ನಾನೂ’ ಅನ್ನುತ್ತಾರೆ.

ನಾನು ಈ ಧಾರಾವಾಹಿ ನೋಡಿದ್ದು ಅದು ಮುಗಿದು ಎಷ್ಟೋ ದಶಕಗಳಾದ ಮೇಲೆ, ಲ್ಯಾಪ್‌ಟಾಪಿನಲ್ಲಿ, ರಾತ್ರಿ ಊಟ ಆದ ನಂತರ. ಓಡಿಬಂದ ನೆನಪು ನನಗಿಲ್ಲ. ಮೊದಲ ದಿನ ನಗುವೇ ಬಂತು. ಗೋಡೆ ಅಲ್ಲಾಡುತ್ತದೆ, ಮೈಕ್ ತಲೆ ಮೇಲೆ ಇಣುಕುತ್ತದೆ, ನಟ ಮಾತು ಮರೆತು ಎತ್ತಲೋ ನೋಡುತ್ತಾನೆ. ಇದಕ್ಕೆ ಇಷ್ಟೊಂದು ಜನ ಯಾಕೆ ಮನಸೋತರು ಅಂತ ಅರ್ಥವಾಗಲಿಲ್ಲ. ನಲವತ್ತು ಕಂತು ನೋಡುವ ಹೊತ್ತಿಗೆ ನಾನೂ ಸೋತಿದ್ದೆ. ಯಾಕೆ ಅಂತ ಆಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜೂನ್ 27ಕ್ಕೆ ಶುರುವಾಗಿ 1971ರ ಏಪ್ರಿಲ್ 2ಕ್ಕೆ ಮುಗಿಯಿತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ, ಅದರಲ್ಲಿ ಜಾಹೀರಾತೂ ಸೇರಿ. ಒಟ್ಟು 1,225 ಕಂತು. ಹುಟ್ಟುಹಾಕಿದವನು ಡ್ಯಾನ್ ಕರ್ಟಿಸ್. ಅವನಿಗೆ ಒಂದು ಕನಸು ಬಿತ್ತಂತೆ: ಒಬ್ಬ ಹುಡುಗಿ ಒಂಟಿಯಾಗಿ ರೈಲಿನಲ್ಲಿ ಗೊತ್ತಿಲ್ಲದ ಊರಿಗೆ ಹೊರಟಿದ್ದಾಳೆ. ಅಷ್ಟೇ ಕನಸು. ಅಷ್ಟನ್ನೇ ಹಿಡಿದುಕೊಂಡು ಹೋಗಿ ವಾಹಿನಿಯವರನ್ನು ಒಪ್ಪಿಸಿದ.

ಆ ಹುಡುಗಿಯೇ ವಿಕ್ಟೋರಿಯಾ ವಿಂಟರ್ಸ್. ನ್ಯೂಯಾರ್ಕಿನ ಅನಾಥಾಶ್ರಮದಲ್ಲಿ ಬೆಳೆದವಳು. ತನ್ನ ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ಲ. ಮೇನ್ ರಾಜ್ಯದ ಕಡಲ ತೀರದಲ್ಲಿ ಕಾಲಿನ್ಸ್‌ಪೋರ್ಟ್ ಅನ್ನುವ ಊರು, ಅಲ್ಲಿ ಬೆಟ್ಟದ ಮೇಲೆ ಕಾಲಿನ್‌ವುಡ್ ಅನ್ನುವ ದೊಡ್ಡ ಬಂಗಲೆ. ಆ ಮನೆಯ ಹುಡುಗ ಡೇವಿಡ್‌ಗೆ ಪಾಠ ಹೇಳಿಕೊಡಲು ಇವಳಿಗೆ ಕರೆ ಬರುತ್ತದೆ. ಯಜಮಾನಿ ಎಲಿಜಬೆತ್ 18 ವರ್ಷದಿಂದ ಮನೆಯ ಹೊಸ್ತಿಲು ದಾಟಿಲ್ಲ. ಆ ಪಾತ್ರ ಮಾಡಿದವಳು ಜೋನ್ ಬೆನೆಟ್, 1940ರ ದಶಕದ ಹಾಲಿವುಡ್ ತಾರೆ. ಮುಚ್ಚಿದ ಕೋಣೆ, ಬಾಯಿಬಿಡದ ಮನೆಯವರು, ಹೊರಗೆ ಬಂಡೆಗೆ ಅಪ್ಪಳಿಸುವ ಅಲೆ. ಗಾಥಿಕ್ ಅನ್ನುವ ಜಾತಿಯ ಭಯದ ಕಥೆ ಅಂದರೆ ಮೂಲತಃ ಇಷ್ಟೇ: ಒಬ್ಬಳು ಒಂಟಿ ಹೆಣ್ಣು, ಒಂದು ಹಳೆಯ ಮನೆ, ಆ ಮನೆಗೆ ಗೊತ್ತಿರುವ ಮತ್ತು ಇವಳಿಗೆ ಗೊತ್ತಿಲ್ಲದ ಒಂದು ಗುಟ್ಟು. ದೆವ್ವ ಇರಲೇಬೇಕು ಅಂತೇನಿಲ್ಲ, ಇರಬಹುದು ಅನ್ನುವ ಅನುಮಾನ ಇದ್ದರೆ ಸಾಕು.

ಮೊದಮೊದಲು ಇಲ್ಲಿ ದೆವ್ವ ಇರಲೂ ಇಲ್ಲ. ಮೀನು ಡಬ್ಬಿ ಮಾಡುವ ಕಂಪನಿಯ ಜಗಳ, ಜೈಲಿನಿಂದ ಬಂದು ಸೇಡು ತೀರಿಸಿಕೊಳ್ಳಲು ಕಾಯುವ ಬರ್ಕ್ ಡೆವ್ಲಿನ್, ಒಂದು ಪೆನ್ನು ಎಲ್ಲಿ ಬಿತ್ತು ಅನ್ನುವ ವಿಚಾರಣೆ. ಹೌದು, ಪೆನ್ನು. ವಾರಗಟ್ಟಲೆ ಎಲ್ಲರೂ ಅದೊಂದು ಪೆನ್ನಿನ ಬಗ್ಗೆಯೇ ಮಾತಾಡುತ್ತಾರೆ. ಹಳೆಯ ಅಭಿಮಾನಿಗಳ ಮುಂದೆ ‘ಪೆನ್ನು’ ಅಂದರೆ ಸಾಕು, ನರಳುತ್ತಾರೆ. ಆದರೆ ಕೆಲವರಿಗೆ ಈ ಮೊದಲ ಭಾಗವೇ ಇಷ್ಟ, ಕಪ್ಪು ಬಿಳುಪು, ನಿಧಾನ, ಎಲ್ಲೂ ಅವಸರವಿಲ್ಲ. ನಾನು ಆ ಪಂಗಡದವನಲ್ಲ.

ನೋಡುವವರು ಕಮ್ಮಿ ಇದ್ದರು. ಆಗ ಅಮೆರಿಕದಲ್ಲಿ ಇದ್ದದ್ದು ಮೂರು ದೊಡ್ಡ ವಾಹಿನಿ, ಅದರಲ್ಲಿ ಎಬಿಸಿ ಮೂರನೆಯದು. ಧಾರಾವಾಹಿ ನಿಂತೇಹೋಗುತ್ತದೆ ಅನ್ನುವ ಮಾತು ಕೇಳಿಬಂತು. ಹೇಗೂ ಮುಳುಗುವುದೇ ಆದರೆ ಭಯವನ್ನಾದರೂ ಹುಟ್ಟಿಸಿ ಮುಳುಗೋಣ ಅಂದುಕೊಂಡ ಕರ್ಟಿಸ್. ತನ್ನ ಮಕ್ಕಳೇ ‘ಇನ್ನೂ ಹೆದರಿಸು’ ಅಂದರು ಅಂತ ಆಮೇಲೆ ಹೇಳಿಕೊಳ್ಳುತ್ತಿದ್ದ. ಮೊದಲು ಒಂದು ಪ್ರೇತ ಬಂತು. ಪಾಳುಬಿದ್ದ ಹಳೆಯ ಮನೆಯಲ್ಲಿ, ಜೋಸೆಟ್ ಅನ್ನುವವಳ ಚಿತ್ರಪಟದಿಂದ ಆ ಹೆಂಗಸೇ ಇಳಿದು ಹೊರಗೆ ಹೋಗಿ ಕಂಬಗಳ ನಡುವೆ ಕುಣಿಯುತ್ತಾಳೆ. ಆಮೇಲೆ ಡೇವಿಡ್‌ನ ತಾಯಿ ಲಾರಾ ಬಂದಳು. ಅವಳು ಬೆಂಕಿಯಲ್ಲಿ ಸುಟ್ಟು ಮತ್ತೆ ಹುಟ್ಟುವ ಫೀನಿಕ್ಸ್, ಮಗನನ್ನೂ ಬೆಂಕಿಗೆ ಕರೆದುಕೊಂಡು ಹೋಗಲು ಬಂದವಳು. ನೋಡುವವರು ಸ್ವಲ್ಪ ಹೆಚ್ಚಿದರು. ಇನ್ನು ಏನು ಉಳಿದಿದೆ ಅಂದರೆ, ರಕ್ತ ಹೀರುವ ಪಿಶಾಚಿ, ವ್ಯಾಂಪೈರ್.

1967ರ ಏಪ್ರಿಲ್‌ನಲ್ಲಿ, 210ನೇ ಕಂತು. ವಿಲ್ಲಿ ಲೂಮಿಸ್ ಅನ್ನುವ ಪೋಕರಿ ಕಾಲಿನ್ಸ್ ಕುಟುಂಬದ ಸಮಾಧಿಯಲ್ಲಿ ಒಡವೆ ಇದೆ ಅಂತ ಹುಡುಕುತ್ತಾ ಸರಪಳಿ ಸುತ್ತಿದ ಒಂದು ಶವಪೆಟ್ಟಿಗೆ ತೆರೆಯುತ್ತಾನೆ. ಒಳಗಿಂದ ಒಂದು ಕೈ ಬಂದು ಅವನ ಕತ್ತು ಹಿಡಿಯುತ್ತದೆ. ಕಂತು ಮುಗಿಯಿತು. ಮರುದಿನ ಕಾಲಿನ್‌ವುಡ್ ಬಾಗಿಲು ತಟ್ಟಿದ ಸದ್ದು. ಟೋಪಿ, ಮೇಲಂಗಿ, ತೋಳದ ತಲೆಯ ಬೆಳ್ಳಿಯ ಹಿಡಿಕೆ ಇರುವ ಊರುಗೋಲು, ಬೆರಳಲ್ಲಿ ದೊಡ್ಡ ಕಪ್ಪು ಹರಳಿನ ಉಂಗುರ. ನಾನು ಇಂಗ್ಲೆಂಡಿನಿಂದ ಬಂದ ನಿಮ್ಮ ದೂರದ ಸಂಬಂಧಿ, ಬಾರ್ನಬಸ್ ಕಾಲಿನ್ಸ್ ಅನ್ನುತ್ತಾನೆ. ಅವನ ಮುಖದ ಹಳೆಯ ಚಿತ್ರಪಟವೇ ಹಜಾರದಲ್ಲಿ ತೂಗುತ್ತಿದೆ. ಪೂರ್ವಿಕರ ಹೋಲಿಕೆ ಎಷ್ಟು ಚೆನ್ನಾಗಿದೆ ಅಂತ ಮನೆಯವರು ಖುಷಿಪಡುತ್ತಾರೆ. ಎಂತಹ ಸಂಸಾರ ನೋಡಿ, ಹಗಲು ಹೊತ್ತು ಒಮ್ಮೆಯೂ ಕಾಣದ ನೆಂಟ ತಿಂಗಳಾನುಗಟ್ಟಲೆ ಪಕ್ಕದಲ್ಲೇ ಇದ್ದರೂ ಯಾರಿಗೂ ಅನುಮಾನ ಬರುವುದಿಲ್ಲ.

ಆ ಪಾತ್ರ ಮಾಡಿದವನು ಜೊನಾಥನ್ ಫ್ರಿಡ್. ಕೆನಡಾದ ಹ್ಯಾಮಿಲ್ಟನ್ ಊರಿನವನು, ರಂಗಭೂಮಿಯ ನಟ. ವಯಸ್ಸು ನಲವತ್ತು ದಾಟಿತ್ತು. ಅಭಿನಯ ಕಲಿಸುವ ಮೇಷ್ಟ್ರಾಗೋಣ ಅಂತ ಪಶ್ಚಿಮ ಕರಾವಳಿಗೆ ಹೊರಡುವ ಯೋಚನೆಯಲ್ಲಿದ್ದ. ಕೆಲವು ವಾರದ ಕೆಲಸ, ಕೈಗೊಂದಿಷ್ಟು ದುಡ್ಡು ಸಿಗುತ್ತದೆ ಅಂತ ಒಪ್ಪಿಕೊಂಡ. ಯೋಜನೆಯೂ ಹಾಗೇ ಇತ್ತು. ಪಿಶಾಚಿ ಬರುತ್ತಾನೆ, ಎಲ್ಲರನ್ನೂ ಹೆದರಿಸುತ್ತಾನೆ, ಎದೆಗೆ ಗೂಟ ಹೊಡೆಸಿಕೊಂಡು ಸಾಯುತ್ತಾನೆ. ಮುಂದಿನ ಕಥೆ.

ಆದರೆ ಕಂತೆಗಟ್ಟಲೆ ಪತ್ರ ಬರತೊಡಗಿದವು. ನೋಡುವವರು ಏರುತ್ತಲೇ ಹೋದರು. ಈಗ ಕೊಲ್ಲುವ ಹಾಗಿಲ್ಲ.

ನನ್ನ ಪ್ರಕಾರ ಇಡೀ ಧಾರಾವಾಹಿಯ ಗುಟ್ಟು ಇರುವುದು ಇಲ್ಲೇ. ಖಳನಾಯಕನನ್ನು ಆರು ವಾರ ಇಟ್ಟುಕೊಳ್ಳುವುದಾದರೆ ಅವನಿಗೆ ಮನಸ್ಸು ಬೇಕಾಗಿಲ್ಲ, ಹಲ್ಲು ಇದ್ದರೆ ಸಾಕು. ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದರೆ ಅವನು ಒಂಟಿಯಾಗಿ ಕೂತಾಗ ಏನು ಯೋಚಿಸುತ್ತಾನೆ ಅಂತ ತೋರಿಸಲೇಬೇಕು, ಯಾಕೆಂದರೆ ದಿನಾ ಇಪ್ಪತ್ತೆರಡು ನಿಮಿಷ ತುಂಬಿಸಬೇಕು, ದಿನಾ ಒಬ್ಬರ ಕತ್ತು ಕಚ್ಚಿಸಲು ಆಗುವುದಿಲ್ಲ. ಹಾಗಾಗಿ ಬಾರ್ನಬಸ್ ಮಾತಾಡತೊಡಗಿದ. ಸತ್ತ ಪ್ರೇಯಸಿ ಜೋಸೆಟ್ ಬಗ್ಗೆ, ಚಿಕ್ಕಂದಿನಲ್ಲೇ ತೀರಿಕೊಂಡ ತಂಗಿ ಸಾರಾ ಬಗ್ಗೆ. ತಾನು ಹೀಗಾದೆನಲ್ಲ ಅನ್ನುವ ನೋವು ಬಂತು. ಡಾಕ್ಟರ್ ಜೂಲಿಯಾ ಹಾಫ್‌ಮನ್ ಬಂದು ಇದು ರಕ್ತದ ಕಾಯಿಲೆ, ಇಂಜೆಕ್ಷನ್ ಕೊಟ್ಟು ವಾಸಿ ಮಾಡುತ್ತೇನೆ ಅಂದಳು, ಆಮೇಲೆ ಅವನನ್ನೇ ಪ್ರೀತಿಸಿದಳು, ಅವನು ಅವಳ ಕಡೆ ಸರಿಯಾಗಿ ನೋಡಲೂ ಇಲ್ಲ. ಪಶ್ಚಾತ್ತಾಪ ಪಡುವ ವ್ಯಾಂಪೈರ್‌ಗಳು ಈಗ ಬೀದಿಗೊಬ್ಬರು ಸಿಗುತ್ತಾರೆ. ಟಿವಿಯಲ್ಲಿ ಆ ಜಾತಿಯನ್ನು ಮನೆಮನೆಗೆ ತಂದವನು ಇವನು. ಅದು ಯಾವ ಮಹಾ ಕಲ್ಪನೆಯಿಂದಲೂ ಹುಟ್ಟಿದ್ದಲ್ಲ, ನಾಳೆ ಏನು ತೋರಿಸುವುದು ಅನ್ನುವ ಪೀಕಲಾಟದಿಂದ ಹುಟ್ಟಿದ್ದು.

ಒಂದು ತಮಾಷೆ ಏನೆಂದರೆ, ಎಷ್ಟೋ ತಿಂಗಳು ‘ವ್ಯಾಂಪೈರ್’ ಅನ್ನುವ ಪದವನ್ನೇ ಯಾರೂ ಬಾಯಲ್ಲಿ ಆಡಲಿಲ್ಲ. ನಮ್ಮಲ್ಲಿ ರಾತ್ರಿ ಹೊತ್ತು ಹಾವಿನ ಹೆಸರು ಹೇಳದೆ ‘ಹುಳ’ ಅನ್ನುತ್ತಾರಲ್ಲ, ಸುಮಾರು ಹಾಗೆ.

ಇನ್ನು ಆ ಅಲ್ಲಾಡುವ ಗೋಡೆಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅಭಿಮಾನಿಗಳ ಅರ್ಧ ನಗು ನಮಗೆ ಅರ್ಥವಾಗುವುದಿಲ್ಲ.

ಇಂಗ್ಲಿಷಿನಲ್ಲಿ ಇಂತಹ ದಿನನಿತ್ಯದ ಧಾರಾವಾಹಿಗೆ ಸೋಪ್ ಅನ್ನುತ್ತಾರೆ. ರೇಡಿಯೋ ಕಾಲದಲ್ಲಿ ಸೋಪು ಕಂಪನಿಗಳು ಮನೆಯಲ್ಲಿರುವ ಹೆಂಗಸರಿಗಾಗಿ ಮಧ್ಯಾಹ್ನ ಕಥೆಗಳನ್ನು ಪ್ರಾಯೋಜಿಸುತ್ತಿದ್ದವು, ಹೆಸರು ಅಂಟಿಕೊಂಡಿತು. ಸಂಜೆಯ ಕಾರ್ಯಕ್ರಮಕ್ಕೆ ಸುರಿಯುವ ದುಡ್ಡು ಮಧ್ಯಾಹ್ನದ ಕಾರ್ಯಕ್ರಮಕ್ಕೆ ಸಿಗುತ್ತಿರಲಿಲ್ಲ. ‘ಡಾರ್ಕ್ ಶ್ಯಾಡೋಸ್’ ನಡೆಯುತ್ತಿದ್ದದ್ದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನ ಒಂದು ಇಕ್ಕಟ್ಟಿನ ಸ್ಟುಡಿಯೋದಲ್ಲಿ. ದಿನಕ್ಕೊಂದು ಕಂತು. ಬೆಳಿಗ್ಗೆ ಮಾತು ಓದಿ ತಾಲೀಮು, ಆಮೇಲೆ ಕ್ಯಾಮೆರಾ ಜೊತೆ, ಆಮೇಲೆ ವೇಷ ಹಾಕಿಕೊಂಡು, ಮಧ್ಯಾಹ್ನ ರೆಕಾರ್ಡಿಂಗ್. ರೆಕಾರ್ಡಿಂಗ್ ಎರಡು ಇಂಚು ಅಗಲದ ವಿಡಿಯೋ ಟೇಪಿನ ಮೇಲೆ. ಈ ಟೇಪನ್ನು ಕತ್ತರಿಸಿ ಜೋಡಿಸುವುದು ಆಗ ದುಬಾರಿ ಮತ್ತು ತಲೆನೋವಿನ ಕೆಲಸ. ಅದಕ್ಕೆ ನಾಟಕದ ಹಾಗೆ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಆಡಿಬಿಡುತ್ತಿದ್ದರು. ಜಾಹೀರಾತಿನ ಜಾಗದಲ್ಲಿ ಮಾತ್ರ ಬಿಡುವು, ಅಷ್ಟರೊಳಗೆ ನಟರು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಓಡಬೇಕು. ಮಧ್ಯದಲ್ಲಿ ತಪ್ಪಾದರೆ? ಮುಂದುವರಿಸು. ಕ್ಯಾಮೆರಾ ಕೆಟ್ಟು ನಿಂತರೋ, ಇನ್ನೇನೋ ದೊಡ್ಡ ಅನಾಹುತವಾದರೋ ಮಾತ್ರ ಮತ್ತೆ ಶುರು.

ಬೇರೆ ಧಾರಾವಾಹಿಗಳೂ ಹೀಗೇ ತಯಾರಾಗುತ್ತಿದ್ದವು. ಆದರೆ ಅವುಗಳಲ್ಲಿ ಇಬ್ಬರು ಕೂತು ಕಾಫಿ ಕುಡಿಯುತ್ತಾ ಮಾತಾಡಿದರೆ ಮುಗಿಯಿತು. ಇಲ್ಲಿ ಅದೇ ದುಡ್ಡಿನಲ್ಲಿ, ಅದೇ ಸಮಯದಲ್ಲಿ ಹೊಗೆ ಬರಬೇಕು, ಬಾವಲಿ ಹಾರಬೇಕು, ಗೋಡೆಯೊಳಗಿಂದ ಪ್ರೇತ ಬರಬೇಕು, ಪುಸ್ತಕ ತನ್ನಷ್ಟಕ್ಕೇ ತೆರೆಯಬೇಕು. ಬಾವಲಿ ದಾರದಲ್ಲಿ ತೂಗುತ್ತಿತ್ತು, ದಾರ ಕಾಣುತ್ತಿತ್ತು. ಸಮಾಧಿ ಕಲ್ಲಿಗೆ ಯಾರದೋ ಮೈ ತಗುಲಿ ಅದು ತೂರಾಡಿತು. ನೊಣವೊಂದು ಬಾರ್ನಬಸ್ ಮುಖದ ಮೇಲೆಯೇ ಕೂತು ನಡೆದಾಡಿತು, ಪುಣ್ಯಾತ್ಮ ಕಣ್ಣು ಮಿಟುಕಿಸದೆ ಗಂಭೀರವಾಗಿ ಮಾತು ಮುಗಿಸಿದ. ಅಭಿಮಾನಿಗಳು ತುಂಬಾ ನೆನೆಯುವ ಇನ್ನೊಂದು ತಪ್ಪು ಇದು: ಕಂತಿನ ಕೊನೆಯಲ್ಲಿ ಖಾಲಿ ಸೆಟ್ಟಿನ ಮೇಲೆ ಹೆಸರುಗಳು ಹರಿಯುತ್ತಿವೆ, ಅಷ್ಟರಲ್ಲಿ ಫ್ರಿಡ್ ತನ್ನ ಬಟ್ಟೆಯನ್ನು ಹ್ಯಾಂಗರ್ ಸಮೇತ ಹೆಗಲ ಮೇಲೆ ಹಾಕಿಕೊಂಡು ಕ್ಯಾಮೆರಾ ಮುಂದೆಯೇ ನಡೆದು ಬರುತ್ತಾನೆ. ಮನೆಗೆ ಹೊರಟ ಮನುಷ್ಯ. ಕ್ಯಾಮೆರಾ ಇನ್ನೂ ಓಡುತ್ತಿದೆ ಅಂತ ಗೊತ್ತಾದ ಕ್ಷಣ ಬಂದ ದಾರಿಗೆ ಸುಂಕವಿಲ್ಲದ ಹಾಗೆ ಮರೆಯಾಗುತ್ತಾನೆ.

ಫ್ರಿಡ್‌ಗೆ ಮಾತು ನೆನಪಿಟ್ಟುಕೊಳ್ಳುವುದೇ ದೊಡ್ಡ ಕಷ್ಟ. ದಿನಾ ಪುಟಗಟ್ಟಲೆ ಹೊಸ ಮಾತು, ಅದೂ ಹಳೆಯ ಕಾಲದ ಉದ್ದುದ್ದ ವಾಕ್ಯ. ಮಾತು ತೋರಿಸುವ ಟೆಲಿಪ್ರಾಂಪ್ಟರ್ ಇತ್ತು, ಅದರ ಕಡೆಗೆ ಕಣ್ಣು ಹೋಗುತ್ತಲೇ ಇತ್ತು. ತಾನು ಹೆದರಿಕೊಂಡೇ ನಟಿಸುತ್ತಿದ್ದೆ ಅಂತ ಅವನೇ ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆದರೆ ತೆರೆಯ ಮೇಲೆ ಏನಾಯಿತು ಗೊತ್ತಾ? ಮಾತಿನ ನಡುವೆ ತಡವರಿಸುವ, ದೂರದಲ್ಲೇನೋ ನೋಡುವ, ಒಳಗೊಳಗೇ ಅಳುಕುವ ಮನುಷ್ಯ ಕಂಡ. ಈ ಲೋಕಕ್ಕೆ ಸೇರದೆ, ಸಿಕ್ಕಿಬೀಳುವ ಭಯದಲ್ಲೇ ಬದುಕುವ ಪಿಶಾಚಿ ಇನ್ನು ಹೇಗೆ ತಾನೇ ಇರುತ್ತಾನೆ? ನಟನ ಹೆದರಿಕೆಯೇ ಪಾತ್ರದ ಹೆದರಿಕೆಯಾಯಿತು. ಇದೇ ನಟನಿಗೆ ಮೂರು ಟೇಕ್ ಕೊಟ್ಟು ನೀಟಾಗಿ ಸಂಕಲನ ಮಾಡಿದ್ದರೆ ಬಾರ್ನಬಸ್ ಇಷ್ಟು ಕಾಡುತ್ತಿದ್ದನಾ ಅಂತ ನನಗೆ ಅನುಮಾನ.

1967ರ ನವೆಂಬರ್‌ನಲ್ಲಿ ಅವರು ಮಾಡಿದ್ದು ಹುಚ್ಚು ಸಾಹಸ. ಕಾಲಿನ್‌ವುಡ್‌ನಲ್ಲಿ ಪ್ರೇತವನ್ನು ಕರೆಯಲು ಎಲ್ಲರೂ ಮೇಜಿನ ಸುತ್ತ ಕೂತಿದ್ದಾರೆ. ದೀಪ ಆರುತ್ತದೆ. ದೀಪ ಹತ್ತಿದಾಗ ವಿಕ್ಟೋರಿಯಾ ಇಲ್ಲ, ಅವಳ ಕುರ್ಚಿಯಲ್ಲಿ ಯಾವಳೋ ಬೇರೆ ಹೆಂಗಸು. ವಿಕ್ಟೋರಿಯಾ 1795ಕ್ಕೆ ಹೋಗಿ ಬಿದ್ದಿದ್ದಾಳೆ. ಒಂದು ದಿನ, ಎರಡು ದಿನ ಅಲ್ಲ, ಸುಮಾರು ನಾಲ್ಕು ತಿಂಗಳು ಇಡೀ ಧಾರಾವಾಹಿ 1795ರಲ್ಲೇ ನಡೆಯಿತು. ನೆಚ್ಚಿನ ಪಾತ್ರಗಳೆಲ್ಲಾ ಮಾಯ. ಆದರೆ ಮುಖಗಳು ಅವೇ. ಎಲಿಜಬೆತ್ ಆಗಿದ್ದ ಜೋನ್ ಬೆನೆಟ್ ಈಗ ಬಾರ್ನಬಸ್‌ನ ತಾಯಿ ನವೋಮಿ. ಡೇವಿಡ್‌ನ ತಂದೆ ರೋಜರ್ ಆಗಿದ್ದ ಲೂಯಿ ಎಡ್ಮಂಡ್ಸ್ ಅವನ ಕಠೋರ ತಂದೆ ಜೋಶುವಾ. ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಮ್ಯಾಗಿಯ ಪಾತ್ರದ ಕ್ಯಾಥರಿನ್ ಲೀ ಸ್ಕಾಟ್ ಈಗ ಜೋಸೆಟ್. ಕಂಪನಿ ನಾಟಕದಲ್ಲಿ ಇವತ್ತು ರಾಮನಾದವನು ನಾಳೆ ದುಷ್ಯಂತನಾಗುತ್ತಾನಲ್ಲ, ಅದೇ ಪದ್ಧತಿ. ಹೊಸ ನಟರಿಗೆ ದುಡ್ಡು ಕೊಡುವ ಕೆಲಸ ತಪ್ಪಿತು ಅಂತಲೂ ಅನ್ನಬಹುದು. ಆದರೆ ನೋಡುವವರಿಗೆ ಅದು ಬೇರೆಯೇ ಅರ್ಥ ಕೊಟ್ಟಿತು. ಒಂದು ಮನೆತನದಲ್ಲಿ ಅವೇ ಮುಖ, ಅವೇ ಪಾಪ ತಲೆಮಾರಿನಿಂದ ತಲೆಮಾರಿಗೆ ತಿರುಗಿ ಬರುತ್ತಿವೆ ಅನ್ನಿಸಿತು. ಬಾರ್ನಬಸ್ 1967ರಲ್ಲಿ ಮ್ಯಾಗಿಯನ್ನು ಹೊತ್ತುಕೊಂಡು ಹೋಗಿ ನೀನೇ ಜೋಸೆಟ್ ಅಂತ ಯಾಕೆ ಹಟ ಹಿಡಿದಿದ್ದ ಅನ್ನುವುದು ಈಗ ತಿಳಿಯಿತು.

1795ರಲ್ಲಿ ಬಾರ್ನಬಸ್ ಒಳ್ಳೆಯ ಹುಡುಗ. ಜೋಸೆಟ್‌ಳನ್ನು ಮದುವೆಯಾಗಲು ಕಾಯುತ್ತಿದ್ದಾನೆ. ಅವಳ ಮನೆಯವರ ಜೊತೆ ಮಾರ್ಟಿನೀಕ್ ದ್ವೀಪದಿಂದ ಬಂದ ಕೆಲಸದವಳು ಆಂಜೆಲಿಕ್. ಇವಳನ್ನು ಬಾರ್ನಬಸ್ ಹಿಂದೆ ಸ್ವಲ್ಪ ದಿನ ಹಚ್ಚಿಕೊಂಡಿದ್ದ, ಆಮೇಲೆ ಮರೆತಿದ್ದ. ಅವಳು ಮಾಟಗಾತಿ. ಲಾರಾ ಪಾರ್ಕರ್ ಮಾಡಿದ ಈ ಪಾತ್ರದ ನೀಲಿ ಕಣ್ಣು ನೋಡಿ ಹೆದರಿದ ಮಕ್ಕಳು ಮುದುಕರಾದರೂ ಮರೆತಿಲ್ಲ. ಅವಳ ಶಾಪದಿಂದ ಬಾರ್ನಬಸ್ ವ್ಯಾಂಪೈರ್ ಆಗುತ್ತಾನೆ. ತಂಗಿ ಸಾರಾ ಸಾಯುತ್ತಾಳೆ. ಜೋಸೆಟ್ ವಿಡೋಸ್ ಹಿಲ್ ಅನ್ನುವ ಕಡಿದಾದ ಬಂಡೆಯಿಂದ ಹಾರುತ್ತಾಳೆ. ತಾಯಿ ವಿಷ ಕುಡಿಯುತ್ತಾಳೆ. ಕೊನೆಗೆ, ಮಗನನ್ನು ಕೊಲ್ಲಲು ಕೈಬಾರದ ತಂದೆ ಶವಪೆಟ್ಟಿಗೆಗೆ ಸರಪಳಿ ಸುತ್ತಿಸುತ್ತಾನೆ. ಹಿಂದಿನ ವರ್ಷ ವಿಲ್ಲಿ ತೆರೆದದ್ದು ಅದೇ ಸರಪಳಿ. ಏನಾಗುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಆದರೂ ಈ ಸಲ ತಪ್ಪಿಹೋಗಬಹುದೇನೋ ಅಂತ ಕೂತು ನೋಡುತ್ತಾರೆ. ನನ್ನ ಮಟ್ಟಿಗೆ ಇಡೀ ಧಾರಾವಾಹಿಯಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಮೊದಲ ಕಂತುಗಳಲ್ಲಿ ಹೇಳಿದ್ದ ವರ್ಷಗಳಿಗೂ ಈ 1795ಕ್ಕೂ ತಾಳೆಯಾಗುವುದಿಲ್ಲ ಅಂತ ಅಭಿಮಾನಿಗಳು ಲೆಕ್ಕ ಹಾಕಿ ಜಗಳವಾಡುತ್ತಾರೆ. ಆಡಲಿ ಬಿಡಿ.

ಒಮ್ಮೆ ಗೆದ್ದ ಮೇಲೆ ಬಿಡುತ್ತಾರಾ? 1897 ಬಂತು, 1840 ಬಂತು, ‘ಪ್ಯಾರಲಲ್ ಟೈಮ್’ ಕೂಡ ಬಂತು, ಅಂದರೆ ಅದೇ ಮನೆಯ ಒಂದು ಕೋಣೆಯ ಬಾಗಿಲ ಆಚೆ ಅವೇ ಜನ ಬೇರೆ ಬದುಕು ಬದುಕುತ್ತಿರುವ ಇನ್ನೊಂದು ಲೋಕ. 1897ರ ಕಥೆಯಲ್ಲಿ ಕ್ವೆಂಟಿನ್ ಕಾಲಿನ್ಸ್ ಇದ್ದ, ಕೆನ್ನೆಗೆ ಉದ್ದ ಕೃದಾ ಬಿಟ್ಟ ಚೆಲುವ, ಹುಣ್ಣಿಮೆಯಲ್ಲಿ ತೋಳವಾಗುವವನು. ಡೇವಿಡ್ ಸೆಲ್ಬಿ ಮೊದಲು ವಾರಗಟ್ಟಲೆ ಒಂದು ಮಾತೂ ಆಡದ ಪ್ರೇತವಾಗಿ ಬಂದ, ಸುಮ್ನೆ ನಿಂತು ದಿಟ್ಟಿಸುತ್ತಿದ್ದ. ಅಷ್ಟಕ್ಕೇ ಹುಡುಗಿಯರ ಪತ್ರಗಳಲ್ಲಿ ಬಾರ್ನಬಸ್‌ಗೆ ಪೈಪೋಟಿ ಶುರುವಾಯಿತು. ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. 1968ರಲ್ಲಿ ಕನಸಿನ ಶಾಪ ಅಂತ ಒಂದು ಬಂತು. ಒಬ್ಬರಿಗೆ ಬಿದ್ದ ಕೆಟ್ಟ ಕನಸು ಅವರು ಹೇಳಿಕೊಂಡ ತಕ್ಷಣ ಇನ್ನೊಬ್ಬರಿಗೆ, ನೆಗಡಿ ಹರಡಿದ ಹಾಗೆ. ಪ್ರತಿ ಸಲವೂ ಅದೇ ಕನಸನ್ನು ಪೂರ್ತಿ ತೋರಿಸುತ್ತಾರೆ, ಅದೇ ಬಾಗಿಲುಗಳು, ಅದೇ ಪದ್ಯ. ಅಪ್ಪಟ ಅಭಿಮಾನಿಯೂ ಇಲ್ಲಿ ಓಡಿಸಿಕೊಂಡು ನೋಡುತ್ತಾನೆ. 1969ರ ಕೊನೆಗೆ ಬಂದ ಲೆವಿಯಾಥನ್ ಅನ್ನುವ ಪುರಾತನ ಜೀವಿಗಳ ಕಥೆ ಇನ್ನೂ ಕಡೆ. ಕಣ್ಣಿಗೇ ಕಾಣದ ಶತ್ರುವಿಗೆ ಯಾರು ಹೆದರುತ್ತಾರೆ ಹೇಳಿ.

ಈಗ ಮತ್ತೆ ಓಟದ ವಿಷಯಕ್ಕೆ. ಶುರುವಾದಾಗ ಪ್ರಸಾರ ಸಂಜೆ ನಾಲ್ಕಕ್ಕೆ. 1967ರ ಏಪ್ರಿಲ್‌ನಲ್ಲಿ, ಸರಿಯಾಗಿ ಬಾರ್ನಬಸ್ ಬರುವ ಹೊತ್ತಿಗೆ, ಮೂರೂವರೆಗೆ ತಂದರು. ಶಾಲೆ ಬಿಡುವುದು ಸುಮಾರು ಮೂರು, ಮೂರೂಕಾಲಕ್ಕೆ. ಅರ್ಥವಾಯಿತಲ್ಲ? ಬಸ್ಸು ತಡವಾದರೆ, ದಾರಿಯಲ್ಲಿ ಗೆಳೆಯ ಮಾತಿಗೆ ನಿಲ್ಲಿಸಿದರೆ, ಮೊದಲ ದೃಶ್ಯ ತಪ್ಪಿತು. ಮತ್ತೆ ನೋಡುವ ದಾರಿ ಇಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಯಂತ್ರ ಇನ್ನೂ ಜನರ ಕೈಗೆ ಬಂದಿರಲಿಲ್ಲ, ಮರುಪ್ರಸಾರ ಇಲ್ಲ. ಮಿಸ್ ಆದರೆ ಜನ್ಮಕ್ಕೆ ಮಿಸ್. ಅದಕ್ಕೇ ಓಡುತ್ತಿದ್ದರು. 1968ರ ಜುಲೈನಲ್ಲಿ ಮತ್ತೆ ನಾಲ್ಕು ಗಂಟೆಗೆ ತಂದ ಮೇಲೆ ಮಕ್ಕಳ ಸಂಖ್ಯೆ ಇನ್ನೂ ಜಾಸ್ತಿಯಾಯಿತು. ಗೃಹಿಣಿಯರಿಗಾಗಿ ಮಾಡಿದ ಧಾರಾವಾಹಿಯನ್ನು ಹತ್ತು ಹನ್ನೆರಡರ ಮಕ್ಕಳು ಹೊತ್ತುಕೊಂಡು ಹೋಗಿದ್ದರು. ಬಬಲ್ ಗಮ್ ಜೊತೆ ಬಾರ್ನಬಸ್ ಚಿತ್ರದ ಕಾರ್ಡು, ಕಾಮಿಕ್ಸ್, ಕಾದಂಬರಿಗಳ ಸಾಲು, 1969ರಲ್ಲಿ ಬಂದ ಬೋರ್ಡ್ ಗೇಮ್ ಒಳಗೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಕೋರೆಹಲ್ಲು. ರಾಬರ್ಟ್ ಕೋಬರ್ಟ್ ಮಾಡಿದ ಸಂಗೀತದಿಂದ ಕ್ವೆಂಟಿನ್‌ನ ವಾಲ್ಟ್ಸ್ ರಾಗ ಅದೇ ವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ ಏರಿತು. ಧಾರಾವಾಹಿಯ ಒಳಗೆ ಅದು ಪ್ರೇತ ಬರುವ ಸೂಚನೆ, ಹಳೆಯ ಗ್ರಾಮಫೋನಿನಿಂದ ತಾನಾಗಿ ಹೊಮ್ಮುವ ರಾಗ. ಅದನ್ನು ಜನ ಕಾಸು ಕೊಟ್ಟು ಮನೆಗೆ ತಂದರು.

ನಿಂತದ್ದು ಯಾಕೆ ಅಂದರೆ ದೊಡ್ಡ ಕಾರಣವೇನಿಲ್ಲ. ನೋಡುವವರು ಇಳಿದರು, ಜಾಹೀರಾತಿನವರಿಗೆ ಬೇಕಾದದ್ದು ಮನೆ ಸಾಮಾನು ಕೊಳ್ಳುವ ಗೃಹಿಣಿಯರು, ಶಾಲೆ ಮಕ್ಕಳಲ್ಲ. ಕರ್ಟಿಸ್‌ಗೂ ಸಾಕಾಗಿತ್ತು. ಫ್ರಿಡ್‌ಗಂತೂ ಆ ಹಲ್ಲು ಸಾಕೋ ಸಾಕಾಗಿ, ಕೊನೆಯ ಎರಡು ತಿಂಗಳು ಬ್ರಾಮ್ವೆಲ್ ಅನ್ನುವ ಬೇರೆ ಪಾತ್ರ ಮಾಡಿದ. ಹಾಗಾಗಿ ಕೊನೆಯ ಕಂತಿನಲ್ಲಿ ಬಾರ್ನಬಸ್ ಇಲ್ಲವೇ ಇಲ್ಲ. ಒಬ್ಬಳ ಕತ್ತಿನ ಮೇಲೆ ಎರಡು ಗಾಯ ಕಾಣುತ್ತದೆ, ಎಲ್ಲರ ಎದೆ ಧಸಕ್ಕೆನ್ನುತ್ತದೆ, ಅಷ್ಟರಲ್ಲಿ ಹಿನ್ನೆಲೆಯ ಧ್ವನಿ ಹೇಳುತ್ತದೆ, ಅದು ಯಾವ ವ್ಯಾಂಪೈರ್ ಕೆಲಸವೂ ಅಲ್ಲ, ಕಾಡಿನ ಪ್ರಾಣಿ ಕಚ್ಚಿದ್ದು ಅಂತ. ಮುಗಿಯಿತು. ಮುಂದಿನ ಸೋಮವಾರ ಆ ಹೊತ್ತಿಗೆ ‘ಪಾಸ್‌ವರ್ಡ್’ ಅನ್ನುವ ಪದಗಳ ಆಟ ಬಂತು. ವಿಕ್ಟೋರಿಯಾಳ ಅಪ್ಪ ಅಮ್ಮ ಯಾರು? ಮೊದಲ ದಿನ ರೈಲಿನಲ್ಲಿ ಕೂತು ಅವಳು ಕೇಳಿಕೊಂಡ ಆ ಪ್ರಶ್ನೆಗೆ 1,225 ಕಂತಿನಲ್ಲಿ ಎಲ್ಲೂ ಉತ್ತರ ಕೊಡಲಿಲ್ಲ. ನಟಿ ಅಲೆಕ್ಸಾಂಡ್ರಾ ಮೋಲ್ಟ್‌ಕೆ 1968ರಲ್ಲಿ ಗರ್ಭಿಣಿಯಾಗಿ ಬಿಟ್ಟುಹೋದಳು, ಸ್ವಲ್ಪ ದಿನ ಬೇರೆಯವರನ್ನು ಆ ಪಾತ್ರಕ್ಕೆ ಹಾಕಿ ನೋಡಿ, ಕೊನೆಗೆ ಪಾತ್ರವನ್ನೇ ಕೈಬಿಟ್ಟರು. ಮನೆಯ ಯಜಮಾನಿ ಎಲಿಜಬೆತ್ ಅವಳ ತಾಯಿ ಅನ್ನುವುದು ಅಭಿಮಾನಿಗಳ ಬಲವಾದ ನಂಬಿಕೆ. ನನಗೂ ಹಾಗೇ ಅನ್ನಿಸುತ್ತದೆ, ಇಬ್ಬರೂ ಒಟ್ಟಿಗೆ ನಿಂತ ದೃಶ್ಯ ಒಮ್ಮೆ ನೋಡಿ.

ಆ ಕಾಲದ ಧಾರಾವಾಹಿಗಳ ಟೇಪುಗಳನ್ನು ಅಳಿಸಿ ಮತ್ತೆ ಬಳಸುವುದು ಮಾಮೂಲು. ಎಷ್ಟೋ ಧಾರಾವಾಹಿಗಳ ವರ್ಷಗಟ್ಟಲೆ ಕಂತುಗಳು ಹಾಗೆ ಗಾಳಿಗೆ ಹೋದವು. ಇದು ಉಳಿಯಿತು, ಹೆಚ್ಚುಕಮ್ಮಿ ಪೂರ್ತಿ. ಕಳೆದುಹೋದದ್ದು ಒಂದೇ ಕಂತು, 1219ನೇ ನಂಬರಿನದು. ಅದನ್ನೂ ಉಳಿದಿದ್ದ ಧ್ವನಿಯ ಮೇಲೆ ಸ್ಥಿರಚಿತ್ರ ಜೋಡಿಸಿ ಮತ್ತೆ ಕಟ್ಟಿದರು. 1975ರಿಂದ ಬೇರೆ ಬೇರೆ ಊರಿನ ಸ್ಟೇಷನ್‌ಗಳಲ್ಲಿ ಮರುಪ್ರಸಾರವಾಯಿತು, ಶವಪೆಟ್ಟಿಗೆ ತೆರೆಯುವ 210ರಿಂದ. ಅದಕ್ಕೇ ಎರಡನೇ ತಲೆಮಾರಿನ ಎಷ್ಟೋ ಅಭಿಮಾನಿಗಳಿಗೆ ಆ ಪೆನ್ನಿನ ಕಥೆ ಬಹಳ ಕಾಲ ಗೊತ್ತೇ ಇರಲಿಲ್ಲ. 1983ರಿಂದ ಅಭಿಮಾನಿಗಳ ಉತ್ಸವ ನಡೆಯತೊಡಗಿತು, ನಟರೂ ಬರುತ್ತಿದ್ದರು. ಆಮೇಲೆ ವಿಡಿಯೋ ಕ್ಯಾಸೆಟ್, ಆಮೇಲೆ ಡಿವಿಡಿ. 2012ರಲ್ಲಿ ಪೂರ್ತಿ ಧಾರಾವಾಹಿ 131 ಡಿಸ್ಕುಗಳಲ್ಲಿ ಬಂತು, ಶವಪೆಟ್ಟಿಗೆ ಆಕಾರದ ಡಬ್ಬದಲ್ಲಿ. ಒಮ್ಮೆ ತಪ್ಪಿದರೆ ಮತ್ತೆ ಸಿಗದು ಅಂತ ಓಡಿಬರುತ್ತಿದ್ದ ಮಕ್ಕಳು ಈಗ ಅದನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ನಿಲ್ಲಿಸಿ, ಹಿಂದೆ ಓಡಿಸಿ, ಮೈಕ್ ಎಲ್ಲೆಲ್ಲಿ ಕಂಡಿತು ಅಂತ ಎಣಿಸುತ್ತಾರೆ.

1991ರಲ್ಲಿ ಎನ್‌ಬಿಸಿ ವಾಹಿನಿ ಇದನ್ನು ಹೊಸದಾಗಿ ಮಾಡಿತು. ದುಡ್ಡು ಹಾಕಿದ್ದರು, ಚೆನ್ನಾಗಿ ಚಿತ್ರಿಸಿದ್ದರು. ಕೊಲ್ಲಿ ಯುದ್ಧದ ಸುದ್ದಿಯ ನಡುವೆ ಪ್ರಸಾರ ಹಿಂದೆಮುಂದೆ ಆಗಿ, 12 ಕಂತಿಗೇ ಮುಗಿಯಿತು. 2012ರಲ್ಲಿ ಟಿಮ್ ಬರ್ಟನ್ ಸಿನಿಮಾ ಮಾಡಿದ, ಜಾನಿ ಡೆಪ್ ಬಾರ್ನಬಸ್. ಹಳೆಯ ಅಭಿಮಾನಿಗಳಲ್ಲಿ ಅದನ್ನು ಹೊಗಳುವವರು ನನಗೆ ಹೆಚ್ಚು ಕಂಡಿಲ್ಲ. ಮೂಲದಲ್ಲಿ ಎಲ್ಲರೂ ಗಂಭೀರವಾಗಿಯೇ ಆಡುತ್ತಿದ್ದರು, ನಗು ಬಂದದ್ದು ಅವರಿಗೆ ಗೊತ್ತಿಲ್ಲದೆ. ಸಿನಿಮಾ ಬೇಕೆಂದೇ ನಗಿಸಲು ಹೋಯಿತು.

ಆದರೆ ಅದರಲ್ಲಿ ಒಂದು ದೃಶ್ಯವಿದೆ, ಕೆಲವೇ ಸೆಕೆಂಡು. ಕಾಲಿನ್‌ವುಡ್‌ನಲ್ಲಿ ಔತಣಕೂಟ, ಅತಿಥಿಗಳು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಡೇವಿಡ್ ಸೆಲ್ಬಿ, ಲಾರಾ ಪಾರ್ಕರ್, ಕ್ಯಾಥರಿನ್ ಲೀ ಸ್ಕಾಟ್, ಜೊತೆಗೆ ಎಂಬತ್ತು ದಾಟಿದ ಜೊನಾಥನ್ ಫ್ರಿಡ್. ಸಿನಿಮಾ ತೆರೆಗೆ ಬಂದದ್ದು ಮೇ ತಿಂಗಳಲ್ಲಿ. ಫ್ರಿಡ್ ಏಪ್ರಿಲ್‌ನಲ್ಲೇ ಹ್ಯಾಮಿಲ್ಟನ್‌ನಲ್ಲಿ ತೀರಿಕೊಂಡಿದ್ದ. ಸರಿಯಾಗಿ 45 ವರ್ಷ ಹಿಂದೆ, ಅದೇ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ನೆಂಟ ಅಂತ ಸುಳ್ಳು ಹೇಳಿಕೊಂಡು ಅವನು ಕಾಲಿನ್‌ವುಡ್ ಬಾಗಿಲು ತಟ್ಟಿದ್ದ. ಈ ಸಲ ಕರೆದವರ ಮನೆಗೆ ಬಂದಿದ್ದಾನೆ. ಮಾತೇನೂ ಇಲ್ಲ, ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ. ಹೊಸ ಬಾರ್ನಬಸ್ ಬರಮಾಡಿಕೊಳ್ಳುತ್ತಾನೆ, ಮುದುಕ ಒಳಗೆ ಹೋಗುತ್ತಾನೆ.